ನದಿಯಾಚೆಯ ಔಷಧಿ

ಶುಕ್ರವಾರ ಸಂಜೆ. ಡೇಜಾನ್ ನಗರದ ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗೂ ಸಿಯೋಲಿನ ರೈಲು ಹಿಡಿದು ಮನೆ ಸೇರುವ ಅವಸರ. ಬ್ಯಾಗು ಹೆಗಲಿಗೇರಿಸಿದ್ದ ಅಧಿಕಾರಿಗೆ ಅವನು ಅಡ್ಡ ನಿಂತ.

“ಔಷಧಿ ಇಲ್ಲೇ ನದಿಯಾಚೆ ಪ್ರಯೋಗಾಲಯದಲ್ಲಿದೆ ಸಾರ್. ನೀವೊಂದು ಅಪ್ಪಣೆ ಕೊಟ್ಟರೆ ಸಾಕು. ಸೋಮವಾರದವರೆಗೆ ನನ್ನ ಮಗಳು ಉಳಿಯಲ್ಲ.”

“ಅದಿನ್ನೂ ಇಲಿಗಳ ಮೇಲಿನ ಪರೀಕ್ಷೆಯಲ್ಲೇ ಇದೆ.”

“ಗೊತ್ತು. ಆದರೂ ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ.” ಅವನು ನಿಜಕ್ಕೂ ಮಂಡಿಯೂರಿಬಿಟ್ಟ.

ಅಧಿಕಾರಿ ಬ್ಯಾಗು ಕೆಳಗಿಟ್ಟು ಅವನೆದುರು ನೆಲದ ಮೇಲೇ ಕೂತ.

“ಹೋದ ತಿಂಗಳು ಬೂಸಾನಿನಿಂದ ಬಂದ ಆ ತಾಯಿಯೂ ಮಗನಿಗಾಗಿ ಇಲ್ಲೇ ಹೀಗೇ ಮಂಡಿಯೂರಿದ್ದಳು. ನಾನು ಒಪ್ಪಿಗೆ ಕೊಡೋದರಲ್ಲಿದ್ದೆ. ಇಲಿಗಳ ಪರೀಕ್ಷೆ ಮುಗಿಯದೆ ಕೊಡಕೂಡದು ಅಂತ ತಡೆದವರು, ಈ ಔಷಧಿ ಕಂಡುಹಿಡಿದ ನೀವೇ ಅಲ್ವಾ ಡಾಕ್ಟ್ರೇ?”