ಪದ ಬಿಡಿಸುವ ಪ್ರೋಗ್ರಾಮ್

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ವಿನುತಾ ತನ್ನ ತರಗತಿಗೆಂದು ಹ್ಯಾಸ್ಕೆಲ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದಿದ್ದಳು. ಯಾವ ವಾಕ್ಯ ಕೊಟ್ಟರೂ ಅದು ಪದಗಳನ್ನೂ ಚಿಹ್ನೆಗಳನ್ನೂ ಬಿಡಿಸಿ ತೋರಿಸಬೇಕು. ಅರ್ಥ ಅದಕ್ಕೆ ಬೇಕಿರಲಿಲ್ಲ.

ಗಂಡ ಚಿದಂಬರ ಬಾಗಿಲಲ್ಲಿ ಬಂದು ನಿಂತ.

"ಟೆಸ್ಟ್ ಮಾಡ್ಬೇಕು, ಏನಾದ್ರೂ ಒಂದು ವಾಕ್ಯ ಹೇಳಿ," ಎಂದಳು, ತಿರುಗಿ ನೋಡದೆ.

ಅವನು ಕೈಯಲ್ಲಿದ್ದ ಸೂಟ್‌ಕೇಸನ್ನು ಕೆಳಗಿಟ್ಟ. "ನಾನು ಈ ಮನೆ ಬಿಟ್ಟು ಹೋಗ್ತಿದೀನಿ, ವಿನು."

ಅವಳು ಟೈಪ್ ಮಾಡಿದಳು. ನಾನು, ಈ, ಮನೆ, ಬಿಟ್ಟು... ಪದಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು. ಕೊನೆಗೆ ಪೂರ್ಣವಿರಾಮವೂ ಬಂತು.

"ತಪ್ಪೇನಿಲ್ಲ, ಸರಿಯಾಗಿದೆ," ಎಂದಳು. "ಇನ್ನೊಂದು ಹೇಳಿ."

ಅವನು ಸೂಟ್‌ಕೇಸ್ ಎತ್ತಿಕೊಂಡ. "ನಾನು ಹೇಳಿದ್ದು ಕೇಳಿಸ್ತಾ ನಿಂಗೆ?"

ಅವಳು ಅದನ್ನೂ ಟೈಪ್ ಮಾಡಿದಳು.