ನಿಂತಾಗ ನಡುಗದ ಗಾಡಿ

ಸ್ಪೀಡಿನ ಮುಳ್ಳು ಐವತ್ತು ದಾಟಿದ್ದೇ ತಡ, ಪಿಕಪ್ ಗಾಡಿ ನಡುಗತೊಡಗಿತು. ಮೊದಲು ಸೀಟಿನಡಿ, ಆಮೇಲೆ ಬಾಗಿಲು, ಕೊನೆಗೆ ಪಕ್ಕದ ಕನ್ನಡಿಯಲ್ಲಿ ಕಾಣುತ್ತಿದ್ದ ದೊಡ್ಡಬಳ್ಳಾಪುರ ರಸ್ತೆಯೇ ಅದುರಿತು. ಮೆಕ್ಯಾನಿಕ್ ಬ್ಯಾಟರಾಯಪ್ಪ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದ. ಎಂಜಿನ್ ಸದ್ದು ತಗ್ಗಿತು. ನಡುಕ ತಗ್ಗಲಿಲ್ಲ.

"ಎಂಜಿನ್ ಅಲ್ಲ ಭಾಯ್. ಶೆಡ್ಡಿಗೆ ಓಗಿ ಕೆಳಗೆ ಮಲ್ಗಿ ನೋಡಾಣ."

"ಹೋದ್ವಾರ ಎಂಜಿನ್ ಕೆಳಗಿನ ರಬ್ಬರ್ ಅಂದ್ರಿ, ಹಾಕ್ಸ್ದೆ. ಅದಕ್ಕೂ ಮುಂಚೆ ಟೈರಿನವನು ಬ್ಯಾಲೆನ್ಸ್ ಅಂದ, ಮಾಡ್ಸ್ದೆ. ಈಗ ಇನ್ನೇನು?" ಗಯಾಸ್ ಕಿಟಕಿಯ ಕಡೆ ಮುಖ ತಿರುಗಿಸಿದ. ಬ್ಯಾಟರಾಯಪ್ಪ ಹಾಕಿದ್ದು ಹೊಸ ರಬ್ಬರೋ, ಯಾರದೋ ಗಾಡಿಯಿಂದ ಕಿತ್ತದ್ದೋ ಎಂಬ ಅನುಮಾನ ಅವನಿಗೆ ಹಾಕಿಸಿದ ದಿನದಿಂದಲೂ ಇತ್ತು.

ಗಯಾಸ್‌ನದು ಕೆಂಪಾಪುರದಲ್ಲಿ ಗಾಜಿನ ಅಂಗಡಿ. ಗಾಜು ಹೊರುವ ಗಾಡಿ ಎಷ್ಟು ಹಳೆಯದಾದರೂ ಸರಿ, ನಡುಗಬಾರದು. ಎರಡು ದೊಡ್ಡ ಕನ್ನಡಿ ಆಗಲೇ ದಾರಿಯಲ್ಲಿ ಸೀಳು ಬಿಟ್ಟಿದ್ದವು. ಕಲಬುರಗಿಯ ಉರುಸಿಗೆ ಅವನು ಹೊರಡುವವರೆಗೂ ಗಾಡಿ ಹೂವಿನ ಹಾಗೆ ಓಡುತ್ತಿತ್ತು. ಪುಟ್ಟೇನಹಳ್ಳಿಯ ಮನೆ ಮುಂದೆ ನಿಲ್ಲಿಸಿ, ಟಾರ್ಪಾಲು ಹೊದಿಸಿ, ಕೀಯನ್ನು ಅಂಗಡಿಯಲ್ಲೇ ಕೆಲಸಕ್ಕಿದ್ದ ಹೆಂಡತಿಯ ತಮ್ಮ ಫರ್ಹಾನ್ ಕೈಗೆ ಕೊಟ್ಟು, "ಅಲುಗಾಡಿಸ್ಬೇಡ" ಎಂದು ಹೋಗಿದ್ದ. ವಾಪಸ್ ಬಂದು ಕೀ ಇಸಕೊಂಡ ಮೊದಲ ದಿನವೇ ಈ ರೋಗ. ಅಂದಿನಿಂದ ಗಾಡಿಯನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಕಿಲೋಮೀಟರ್ ತೋರಿಸುವ ಅಂಕಿಗಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಇಲ್ಲದಿದ್ದರೆ ಗಯಾಸ್ ಅದನ್ನೂ ನೋಡಿಯೇ ಉರುಸಿಗೆ ಹೋಗುವವನು.

ಅಟ್ಟೂರಿನ ಶೆಡ್ಡಿನಲ್ಲಿ ಬ್ಯಾಟರಾಯಪ್ಪ ರಟ್ಟು ಹಾಸಿಕೊಂಡು ಗಾಡಿಯಡಿ ನುಸುಳಿದ. ಗಯಾಸ್ ಇನ್ನೊಂದು ರಟ್ಟು ಎಳೆದುಕೊಂಡು ಪಕ್ಕದಲ್ಲೇ ಮಲಗಿದ.

"ನಂಬ್ಕೆ ಇಲ್ವಾ?"

"ಇದೆ. ನೋಡ್ತೀನಿ ಅಷ್ಟೇ."

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟು ಅಲ್ಲಿತ್ತು. ಎರಡು ತುಂಡು, ಒಂದರೊಳಗೊಂದು ಕೂತದ್ದು. ಬ್ಯಾಟರಾಯಪ್ಪ ಡೀಸೆಲ್ ಬಟ್ಟೆಯಿಂದ ಕೂಡಿಕೆಯ ಮೇಲಿನ ಗ್ರೀಸು, ಮಣ್ಣು ಉಜ್ಜಿ ತೆಗೆದ. ಎರಡೂ ತುಂಡಿನ ಮೇಲೆ ಉಳಿಯಿಂದ ಹೊಡೆದ ಒಂದೊಂದು ಗೆರೆ ಕಂಡಿತು. ಒಂದು ಮೇಲಕ್ಕೆ, ಇನ್ನೊಂದು ಪಕ್ಕಕ್ಕೆ.

"ನಾನೇ ಒಡ್ದಿದ್ ಗುರ್ತು. ಎರ್ಡೂ ಎದ್ರುಬದ್ರು ಇರ್ಬೇಕು. ಯಾರೋ ಬಿಚ್ಚಿ, ಇಂಗೆ ವಾರೆ ಕೂರ್ಸವ್ರೆ. ಸ್ಪೀಡಲ್ಲಿ ನಡುಗ್ದೆ ಇನ್ನೇನ್ ಮಾಡ್ತದೆ?"

"ನೀವೇ ಬಿಚ್ಚಿರ್ಬೇಕು."

"ನಾನ್ ಬಿಚ್ಚಿದ್ರೆ ಗುರ್ತು ನೋಡ್ಕಂಡು ಕೂರುಸ್ತಿದ್ದೆ. ಅದ್ಕೇ ತಾನೆ ಗುರ್ತು ಮಾಡಿರೋದು?" ಬ್ಯಾಟರಾಯಪ್ಪ ಬಟ್ಟೆಯನ್ನು ಎದೆಯ ಮೇಲೆ ಇಟ್ಟುಕೊಂಡ. "ನನ್ ಕಡೆ ಅನುಮಾನ ಬುಡಿ ಭಾಯ್. ರೋಡಲ್ಲಿ ಇದನ್ನ ಬಿಚ್ಚೋದು ಒಂದೇ ಕೆಲ್ಸಕ್ಕೆ. ಕೆಟ್ಟು ನಿಂತ ಗಾಡೀನ ಎಳ್ಕಂಡು ಓಗಾಕೆ."

ಗಯಾಸ್ ಅಂಗಾತ ಮಲಗಿಯೇ ಇದ್ದ. ಗಾಡಿ ಕೆಟ್ಟು ನಿಂತಿತ್ತು ಎಂದರೆ, ಅದಕ್ಕೂ ಮೊದಲು ಓಡಿತ್ತು.

ಫೋನು ಮಾಡಿ ಕರೆಸಿದ್ದಕ್ಕೆ ಫರ್ಹಾನ್ ಅಂಗಡಿಯಿಂದಲೇ ಸ್ಕೂಟರಿನಲ್ಲಿ ಬಂದ. ತೋಳಿನ ಮೇಲೆ ಗಾಜಿನ ಪುಡಿ ಹೊಳೆಯುತ್ತಿತ್ತು.

"ನಾನು ಉರುಸಿಗೆ ಹೋದಾಗ ಗಾಡಿ ಎಲ್ಲಿಗೆ ಹೋಗಿತ್ತು?"

ಬಿಚ್ಚಿಟ್ಟಿದ್ದ ಶಾಫ್ಟಿನ ಕಡೆ ಫರ್ಹಾನ್ ನೋಡಿದ. "ನಾನೇ ತಗೊಂಡ್ ಹೋಗಿದ್ದೆ, ದುಲ್ಹಾಭಾಯ್. ಹೆಬ್ಬಾಳದ ಹತ್ರ ಕ್ಲಚ್ ಹೋಯ್ತು. ಎಳ್ಸಿ ರಿಪೇರಿ ಮಾಡ್ಸ್ದೆ. ತಪ್ಪಾಯ್ತು."

ಅಷ್ಟು ಬೇಗ ಒಪ್ಪಿಕೊಂಡದ್ದು ಗಯಾಸ್‌ಗೆ ಹಿಡಿಸಲಿಲ್ಲ. ಕಿಟಕಿಯ ಅಳತೆ ಕೇಳಿದೊಡನೆ ಪಟ್ಟನೆ ಹೇಳುವ ಗಿರಾಕಿ ಅಳತೆ ತೆಗೆದೇ ಇರುವುದಿಲ್ಲ.

"ಸರಿ. ವಾಪಸ್ ತರೋವಾಗ ನಡುಗ್ತಿತ್ತಲ್ಲ, ಯಾವಾಗ ನಡುಗ್ತಿತ್ತು?"

"ಯಾವಾಗ್ಲೂ. ಸಿಗ್ನಲ್‌ನಲ್ಲಿ ನಿಂತಾಗ್ಲೂ."

ಗಾಡಿಯಡಿಯಿಂದ ನಗು ಕೇಳಿಸಿತು. "ನಿಂತ ಗಾಡೀಲಿ ಶಾಫ್ಟ್ ತಿರುಗಾಕಿಲ್ಲ ಕಣಪ್ಪಾ."

"ಯಾರಿಗೆ ಕೊಟ್ಟಿದ್ದೆ?" ಗಯಾಸ್ ಕೇಳಿದ.

ಫರ್ಹಾನ್ ತೋಳಿನ ಪುಡಿ ಕೊಡವಿಕೊಂಡ.

"ಅಂಗಡಿ ಶಟರ್ ಕೀ ಕೊಡು. ನಾಳೆಯಿಂದ ಬರ್ಬೇಡ."

ಫರ್ಹಾನ್ ಕೀ ಕೊಟ್ಟು ಸ್ಕೂಟರ್ ಹತ್ತಿದ.

ಗುರುತಿಗೆ ಗುರುತು ಸೇರಿಸಿ ಕೂರಿಸಿದ ಮೇಲೆ ಗಾಡಿ ಅರವತ್ತರಲ್ಲೂ ನಡುಗಲಿಲ್ಲ. ಗಯಾಸ್ ಮಾತ್ರ ಕುದಿಯುತ್ತಲೇ ಮನೆ ಸೇರಿದ. ಹೆಂಡತಿ ಸಬೀರಾ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅವನ ದೋಸ್ತ್ ಆ ಮುಬಶ್ಶಿರ್‌ಗೆ ಕೊಟ್ಟಿರ್ತಾನೆ. ಇಲ್ಲಾಂದ್ರೆ ಬಾಡಿಗೆಗೆ ಬಿಟ್ಟಿರ್ತಾನೆ. ನಿನ್ ತಮ್ಮ ಅಂತ ಕೆಲಸಕ್ಕೆ ಇಟ್ಕೊಂಡೆ ನೋಡು! ಶಟರ್ ಕೀ ಇಸ್ಕೊಂಡು ಕಳಿಸ್ದೆ."

"ಶಟರ್ ಕೀ ಅವನಿಗೆ ಕೊಟ್ಬಿಡಿ."

"ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳ್ತಾನೆ ಸಬೀರಾ! ನಿಂತಾಗ್ಲೂ ನಡುಗುತ್ತಂತೆ!"

"ನಿಂತಾಗ ನಡುಗಲ್ಲ," ಎಂದಳು ಸಬೀರಾ. "ಐವತ್ತು ದಾಟ್ಬೇಕು."

ನಡುಕ ಐವತ್ತು ದಾಟಿದ ಮೇಲೆ ಎಂದು ಗಯಾಸ್ ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಅವಳು ಮಡಿಲಿನ ಸಿಪ್ಪೆಯನ್ನು ಮೊರಕ್ಕೆ ಕೊಡವಿ ತಲೆಯೆತ್ತಿದಳು. "ಕೇಳಿ. ಮೊದ್ಲು ಯಾವುದು ಕೇಳ್ತೀರಿ? ಎಲ್ಲಿಗೆ ಹೋಗಿದ್ದೆ ಅಂತಾನಾ, ಯಾರ ಜೊತೆ ಹೋಗಿದ್ದೆ ಅಂತಾನಾ?"