ಇಪ್ಪತ್ತು ದಿನದ ಸರದಿ

ವಿಶ್ವವಿದ್ಯಾಲಯದವರೆಲ್ಲ ಹಂಚಿಕೊಂಡು ಬಳಸುವ ದೊಡ್ಡ ಕಂಪ್ಯೂಟರಿಗೆ ಆಕೆ ತನ್ನ ಸಂಶೋಧನೆಯ ಲೆಕ್ಕ ಕೊಟ್ಟು ಇಪ್ಪತ್ತು ದಿನವಾಗಿತ್ತು. ಅದಿನ್ನೂ ಸರದಿಯಲ್ಲೇ ಇತ್ತು. ಪ್ರಬಂಧ ಒಪ್ಪಿಸಲು ಉಳಿದಿದ್ದು ಐದೇ ದಿನ. ಕಾದು ಕಾದು ಬಸವಳಿದು, ಕೊನೆಗೆ ಸರದಿ ನೋಡಿಕೊಳ್ಳುವವರ ಮೇಜಿನೆದುರು ಬಂದು ಕೂತಳು.

“ನನ್ನ ಹಿಂದೆ ಬಂದವರದೆಲ್ಲ ಮುಗೀತು. ನಂದ್ಯಾಕೆ ಸರ್ ಇನ್ನೂ ಆಗ್ತಿಲ್ಲ?”

“ಇಲ್ಲಿ ವಶೀಲಿ ನಡೆಯಲ್ಲಮ್ಮ. ಜಾಸ್ತಿ ಕಾದವರದು ಮೊದಲು, ಅಷ್ಟೇ.”

“ನನಗಿಂತ ಜಾಸ್ತಿ ಕಾದವರು ಯಾರಿದಾರೆ ಸರ್?”

ಅವರು ಪರದೆ ನೋಡಿದರು. “ನಿಮ್ಮದು ಸರದಿಗೆ ಸೇರಿ ಬರೀ ಎರಡು ಗಂಟೆ ಆಗಿದೆಯಲ್ಲಮ್ಮ!”

“ಅದು ಇವತ್ತಿಂದು ಸರ್. ಯಾವ ಆಫೀಸಲ್ಲಾದ್ರೂ ಹೊಸ ಅರ್ಜಿನೇ ಮೇಲಿರುತ್ತಲ್ಲ ಅಂತ, ದಿನಾ ಬೆಳಿಗ್ಗೆ ಹಳೇದನ್ನ ತೆಗೆದು ಹೊಸದಾಗಿ ಹಾಕ್ತಿದೀನಿ.”